ಗದ್ದೆ ಏಡಿಯ ಪಕ್ಕದಲ್ಲಿ ಸ್ಪಂಜು ಏಡಿ: ತರಗತಿಯ ಅನುಭವ

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯ ಮಕ್ಕಳಿಗೆ ಏಡಿಯನ್ನು ಪುಸ್ತಕದಿಂದ ಪರಿಚಯಿಸಬೇಕಾಗಿಲ್ಲ. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟು ನಾಟಿ ಆರಂಭವಾದರೆ ಬದುಗಳಲ್ಲಿ ಬಿಲ ತೋಡುವ ಏಡಿಗಳನ್ನು ಅವರು ಬರಿಗೈಯಲ್ಲೇ ಹಿಡಿಯುತ್ತಾರೆ. ಗಂಗಾವತಿಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು, ಜೀವಂತ ಸ್ಪಂಜನ್ನು (ಸಮುದ್ರದ ತಳದಲ್ಲಿ ಒಂದೆಡೆ ಅಂಟಿ ಬದುಕುವ ಸರಳ ಪ್ರಾಣಿ) ಬೆನ್ನ ಮೇಲೆ ಹೊತ್ತು ತಿರುಗುವ ಡ್ರೊಮಿಡೆ ಕುಟುಂಬದ ಸಮುದ್ರ ಏಡಿಯನ್ನು ಯಾವಾಗಲೂ ಈ ಗದ್ದೆ ಏಡಿಯ ಪಕ್ಕದಲ್ಲಿಟ್ಟೇ ತೋರಿಸುತ್ತೇನೆ.

ಮಾದರಿ ಸಿಕ್ಕಿದ್ದು ಕರಾವಳಿಗೆ ಶೈಕ್ಷಣಿಕ ಪ್ರವಾಸ ಹೋದಾಗ, ಟ್ರಾಲ್ ಬೋಟಿನವರು ಮಾರಾಟಕ್ಕೆ ಬಾರದೆಂದು ಬದಿಗೆ ಸುರಿದ ರಾಶಿಯಲ್ಲಿ. ಏಡಿಯನ್ನೂ ಸ್ಪಂಜನ್ನೂ ಬೇರ್ಪಡಿಸದೆ ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಣ್ಣ ಮಾಸುವ ಮೊದಲೇ ಚಿತ್ರ ತೆಗೆದು, ಶೇಕಡ 70ರ ಆಲ್ಕೊಹಾಲಿನಲ್ಲಿ ಇಟ್ಟೆ. ಫಾರ್ಮಲಿನ್ ಬೇಡವೆಂದು ನಾನು ಹೇಳುವುದಕ್ಕೆ ಕಾರಣವಿದೆ: ಅದು ಕಾಲಕ್ರಮೇಣ ಆಮ್ಲೀಯವಾಗಿ ಚಿಪ್ಪಿನ ಸುಣ್ಣವನ್ನು ತಿನ್ನುತ್ತದೆ. ನಮ್ಮ ಬೇಸಿಗೆಯಲ್ಲಿ ಆಲ್ಕೊಹಾಲು ಬೇಗ ಆವಿಯಾಗುವುದರಿಂದ ಮುಚ್ಚಳದ ಅಂಚಿಗೆ ವ್ಯಾಸಲೀನ್ ಸವರಿ, ಆಗಾಗ ಮಟ್ಟ ನೋಡುತ್ತಿರಬೇಕು.

ಪಾಠ ಆರಂಭವಾಗುವುದು ಕಾಲುಗಳ ಎಣಿಕೆಯಿಂದ. ಗದ್ದೆ ಏಡಿಗೆ ಒಂದು ಜೊತೆ ಇಕ್ಕಳಗಳು, ನಾಲ್ಕು ಜೊತೆ ನಡೆಯುವ ಕಾಲುಗಳು. ಸ್ಪಂಜನ್ನು ಮೆಲ್ಲನೆ ಸರಿಸಿದಾಗ ಸಮುದ್ರದ ಏಡಿಯಲ್ಲಿ ನಡೆಯಲು ಎರಡೇ ಜೊತೆ ಕಾಣುತ್ತವೆ. ಉಳಿದ ಎರಡು ಜೊತೆ ಗಿಡ್ಡವಾಗಿ, ಬೆನ್ನ ಕಡೆಗೆ ಮಡಚಿಕೊಂಡಿರುತ್ತವೆ. "ಸರ್, ಹಿಂದಿನ ಕಾಲು ಮುರದಾವೇನ್ರಿ?" ಎಂದು ಒಬ್ಬರಾದರೂ ಕೇಳದೆ ಇರುವುದಿಲ್ಲ. ಆಗ ಭೂತಗನ್ನಡಿ ಕೊಟ್ಟು ಆ ಕಾಲಿನ ತುದಿಯ ಬಾಗಿದ ಕೊಕ್ಕೆಯನ್ನು ನೋಡಲು ಹೇಳುತ್ತೇನೆ. ಸ್ಪಂಜನ್ನು ಹಿಡಿದಿಡುವುದೇ ಅದರ ಕೆಲಸ. ಸ್ಪಂಜು ಅಂಟಿಕೊಂಡಿರುವುದಲ್ಲ, ಏಡಿ ಅದನ್ನು ಸದಾ ಹಿಡಿದುಕೊಂಡಿರುತ್ತದೆ.

ಇನ್ನೂ ಚೆನ್ನಾದದ್ದು ಸ್ಪಂಜಿನ ಒಳಮೈ. ಏಡಿ ತನ್ನ ಇಕ್ಕಳಗಳಿಂದಲೇ ಸ್ಪಂಜಿನ ತುಂಡೊಂದನ್ನು ಕತ್ತರಿಸಿ, ನಡುವೆ ಕೊರೆದು, ಬೆನ್ನಿಗೆ ಕೂರುವಂತೆ ಮಾಡಿಕೊಳ್ಳುತ್ತದೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧಕರು ಈ ಕುಟುಂಬದ ಲಾರಿಡ್ರೋಮಿಯಾ ಡಿಹಾನಿ ಎಂಬ ಏಡಿಗಳಿಗೆ ಮೂರು ಅಳತೆಯ ಕೃತಕ ಸ್ಪಂಜು ಕೊಟ್ಟು ನೋಡಿದಾಗ, ದೊಡ್ಡ ಏಡಿಗಳು ಕೊರೆದ ಗುಳಿಯೂ ದೊಡ್ಡದಾಗಿತ್ತು. ಇದನ್ನು ಹೇಳಿ ಮುಗಿಸಿದ ಮೇಲೆ ಸ್ಪಂಜನ್ನು ತಿರುಗಿಸಿ, ಅದರ ಗುಳಿಯನ್ನು ಚಿಪ್ಪಿನ ಮೇಲಿಟ್ಟು ತೋರಿಸುತ್ತೇನೆ. ಬೇರೆ ವಿವರಣೆ ಬೇಕಾಗುವುದಿಲ್ಲ.

ಸ್ಪಂಜು ಏಕೆ ರಕ್ಷಣೆ ಎಂಬುದಕ್ಕೆ ಸೂಕ್ಷ್ಮದರ್ಶಕ ಬೇಕು. ಸ್ಪಂಜಿನ ಅಕ್ಕಿ ಕಾಳಿನಷ್ಟು ತುಂಡನ್ನು ಆಲ್ಕೊಹಾಲು ಉಳಿಯದಂತೆ ನೀರಿನಲ್ಲಿ ತೊಳೆದು, ಸ್ಲೈಡಿನ ಮೇಲಿಟ್ಟು, ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣದ ಹನಿ ಹಾಕಿದರೆ ಮಾಂಸಲ ಭಾಗ ನೊರೆಯೆದ್ದು ಕರಗುತ್ತದೆ, ಸಿಲಿಕಾದ ಸೂಜಿಗಳು ಮಾತ್ರ ಗಾಜಿನ ಚೂರುಗಳಂತೆ ಉಳಿಯುತ್ತವೆ. (ಕಿಟಕಿ ತೆರೆದಿರಲಿ, ಆಸಿಡ್ ಬಾಟಲಿ ಮೇಜಿನ ಮೇಲೆ ಇರಲೇಬಾರದು, ಬ್ಲೀಚಿಗೆ ಬೆರೆತರೆ ಕ್ಲೋರಿನ್ ಏಳುತ್ತದೆ.) ಈ ಸೂಜಿಗಳ ಜೊತೆಗೆ ಅನೇಕ ಸ್ಪಂಜುಗಳಲ್ಲಿ ಅರುಚಿಕರ ಅಥವಾ ವಿಷಕಾರಿ ರಾಸಾಯನಿಕಗಳೂ ಇರುವುದರಿಂದ ಹೆಚ್ಚಿನ ಮೀನುಗಳು ಅವುಗಳಿಗೆ ಬಾಯಿ ಹಾಕುವುದಿಲ್ಲ. ಮರೆಯಾಗುವುದಂತೂ ಸರಿಯೇ, ಬೆನ್ನ ಮೇಲೆ ಸ್ಪಂಜಿರುವ ಏಡಿ ಮೇಲಿನಿಂದ ನೋಡಿದರೆ ಏಡಿಯಂತೆಯೇ ಕಾಣದು.

"ಸ್ಪಂಜಿಗೆ ಏನ್ ಲಾಭ ಐತ್ರಿ?" ಎಂಬ ಪ್ರಶ್ನೆಯೂ ಬರುತ್ತದೆ. ಕಾಲಿಲ್ಲದ ಸ್ಪಂಜು ಏಡಿಯ ಜೊತೆ ಹೊಸ ನೀರಿಗೆ ಹೋಗುತ್ತದೆ, ಬದುಕಿ ಬೆಳೆಯುತ್ತಲೂ ಇರುತ್ತದೆ. ಆದರೆ ಅದನ್ನು ಕತ್ತರಿಸಿ, ಕೊರೆದು ಹೊತ್ತೊಯ್ದದ್ದು ಏಡಿಯೇ. ಆದ್ದರಿಂದ ಇದನ್ನು ಪರಸ್ಪರ ಸಹಕಾರದ ಮಾದರಿ ಎಂದು ನಾನು ಬರೆಸುವುದಿಲ್ಲ, ಏಡಿಯ ಆತ್ಮರಕ್ಷಣೆಯ ಶೀರ್ಷಿಕೆಯಡಿಯಲ್ಲೇ ಬರೆಸುತ್ತೇನೆ.