ತಿಳಿಯಾಗಿ ಕಂಡ ಸಲೈನ್ ಬಾಟಲಿ

ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ನಾನು ಮೈಕ್ರೋಬಯಾಲಜಿ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಒಂದೇ ವಾರದಲ್ಲಿ ನಾಲ್ಕು ಜನರ ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಬರ್ಖೋಲ್ಡೇರಿಯಾ ಸೆಪೇಸಿಯಾ ಬೆಳೆಯಿತು. ಸಾಮಾನ್ಯವಾಗಿ ಕಾಣುವ ಇ. ಕೋಲಿ ಬಂದಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ. ಬರ್ಖೋಲ್ಡೇರಿಯಾ ನೀರು, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಡಿಸ್ಟಿಲ್ಡ್ ವಾಟರ್‌ನಲ್ಲೂ ಬೆಳೆಯುತ್ತದೆ, ಕೆಲವು ಆಂಟಿಸೆಪ್ಟಿಕ್‌ನಲ್ಲೂ ಬದುಕುತ್ತದೆ. ನಾಲ್ವರಿಗೂ ಒಂದೇ ಕಡೆಯಿಂದ ಹೋಗಿದೆ ಅನ್ನಿಸಿತು.

ತಕ್ಷಣ ವಾರ್ಡಿಗೆ ಫೋನ್ ಮಾಡಿ, ಬಾಟಲಿ, ಡ್ರಿಪ್ ಸೆಟ್ ಏನನ್ನೂ ಎಸೆಯಬೇಡಿ ಎಂದೆ. ಆಮೇಲೆ ದೊಡ್ಡ ಹಾಳೆಯಲ್ಲಿ ಗೆರೆ ಹಾಕಿಕೊಂಡು ಕೂತೆ: ಬೆಡ್ ನಂಬರ್, ಸಲೈನ್ ಹಚ್ಚಿದ ಹೊತ್ತು, ಬ್ಯಾಚ್ ನಂಬರ್, ಚಳಿ ಬಂದ ಹೊತ್ತು. ಜ್ವರ ಬಾರದವರನ್ನೂ ಬರೆದುಕೊಂಡೆ. ಅವರನ್ನು ಬಿಟ್ಟಿದ್ದರೆ ದಾರಿ ತಪ್ಪುತ್ತಿದ್ದೆ, ಯಾಕೆಂದರೆ ಡ್ರಿಪ್‌ನ ಬ್ಯಾಚ್ ಎಲ್ಲರಿಗೂ ಒಂದೇ ಇತ್ತು, ಆರಾಮಾಗಿದ್ದವರಿಗೂ.

ಸುಳಿವು ಕೊಟ್ಟಿದ್ದು ಒಬ್ಬ ರೋಗಿಯ ಹೆಂಡತಿ. "ರಾತ್ರಿ ಸೂಜಿ ಮಾಡಿ ಹೋದ ಅರ್ಧ ತಾಸಿಗೆ ಗಡಗಡ ನಡುಗಾಕ ಹತ್ತಿದ್ರು ನೋಡ್ರಿ ಮೇಡಂ" ಅಂದರು. ಹಾಳೆ ನೋಡಿದೆ. ನಾಲ್ವರಿಗೂ ಇಂಜೆಕ್ಷನ್ ಆದಮೇಲೆ ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ) ಫ್ಲಶ್ ಮಾಡಿದ್ದರು, ಅಂದರೆ ಸ್ವಲ್ಪ ಸಲೈನ್ ಒತ್ತಿ ತೊಳೆದಿದ್ದರು.

ವಾರ್ಡಿನ ಟ್ರಾಲಿ ಮೇಲೆ 500 ಮಿಲಿ ನಾರ್ಮಲ್ ಸಲೈನ್ ಬಾಟಲಿ ಇತ್ತು, ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿಯೇ ಬಿಟ್ಟಿದ್ದರು. ಎಲ್ಲರ ಫ್ಲಶ್‌ಗೂ ಅದರಿಂದಲೇ ಎಳೆಯುತ್ತಿದ್ದರು. ಬೆಳಕಿಗೆ ಹಿಡಿದೆ, ಸಂಪೂರ್ಣ ತಿಳಿ. ಒಂದು ಮಿಲಿಯಲ್ಲಿ 10 ಲಕ್ಷ ಬ್ಯಾಕ್ಟೀರಿಯಾ ಇದ್ದರೂ ಕಣ್ಣಿಗೆ ಮಬ್ಬು ಕಾಣದೇ ಇರಬಹುದು. ಆದ್ದರಿಂದ ಸುಮ್ನೆ ನೋಡಿ "ಚೆನ್ನಾಗಿದೆ" ಅನ್ನಬೇಡಿ, ಕಲ್ಚರ್ ಹಾಕಿ.

ಅದೇ ಬ್ಯಾಚಿನ ಸೀಲ್ ಒಡೆಯದ ಬಾಟಲಿಗಳನ್ನೂ ಪರೀಕ್ಷೆ ಮಾಡಿದೆ. ಇದು ಬಹಳ ಮುಖ್ಯ. 1970-71ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಡ್ರಿಪ್ ಬಾಟಲಿಗಳಿಂದ ರಕ್ತದ ಸೋಂಕು ಹರಡಿದಾಗ, ಬ್ಯಾಕ್ಟೀರಿಯಾ ಕಾರ್ಖಾನೆಯಿಂದ ಬಂದ ಬಾಟಲಿಯ ಮುಚ್ಚಳದಲ್ಲೇ ಇತ್ತು. ಸೀಲ್ ಇದ್ದದ್ದರಲ್ಲೂ ಬೆಳೆದರೆ ಆ ಬ್ಯಾಚನ್ನೇ ನಿಲ್ಲಿಸಿ ಔಷಧ ನಿಯಂತ್ರಣ ಇಲಾಖೆಗೆ ತಿಳಿಸಬೇಕು. ನಮ್ಮಲ್ಲಿ ಟ್ರಾಲಿಯ ಬಾಟಲಿಯಲ್ಲಿ ಮಾತ್ರ ಬೆಳೆಯಿತು, ಸೀಲ್ ಇದ್ದವುಗಳಲ್ಲಿ ಏನೂ ಇಲ್ಲ. ಅಂದರೆ ಕೆಟ್ಟಿದ್ದು ವಾರ್ಡಿನಲ್ಲೇ.

ಸಿಸ್ಟರ್ ಕಣ್ಣಲ್ಲಿ ನೀರು. "ನನ್ನಿಂದ ಆತೇನ್ರಿ ಮೇಡಂ?" ಎಂದು ಕೇಳಿದರು. ಫ್ಲಶ್‌ಗೆ ಒಬ್ಬರಿಗೆ ಒಂದೇ ಸಲ ಬಳಸುವ 10 ಮಿಲಿಯ ಸಣ್ಣ ಸಲೈನ್ ಖಾಲಿಯಾಗಿ ಎಷ್ಟೋ ದಿನ ಆಗಿತ್ತು, ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಅವರೊಬ್ಬರೇ. ವರದಿಯಲ್ಲಿ ಯಾರ ಹೆಸರನ್ನೂ ಬರೆಯಲಿಲ್ಲ, ಆ ಕೊರತೆಯನ್ನು ಮಾತ್ರ ಬರೆದೆ. ಮೂರನೇ ದಿನ ಸಣ್ಣ ಸಲೈನ್ ಬಾಕ್ಸ್ ಬಂತು. ನಾಲ್ವರ ಕ್ಯಾನುಲಾ ತೆಗೆಸಿ, ಆಂಟಿಬಯಾಟಿಕ್ ಬದಲಿಸಿದ್ದೆವು. ನಾಲ್ವರೂ ನಡೆದುಕೊಂಡೇ ಮನೆಗೆ ಹೋದರು.