ನೂರು ಎರರ್ ಮುಗಿಸಿದರೆ ಮತ್ತೆ ನೂರು

"ಅಣ್ಣಾ, ನೂರೂ ಮುಗಿಸಿದೆ. ಈಗ ನೋಡಿದ್ರೆ ಮತ್ತೆ ನೂರು ಬಂದಿದೆ!" ವೈಟ್‌ಫೀಲ್ಡ್‌ನ ನಮ್ಮ ಆಫೀಸಿನಲ್ಲಿ ಹಳೇ ಪ್ರಾಜೆಕ್ಟ್ ಒಂದನ್ನು ಸ್ಪ್ರಿಂಗ್ ಬೂಟ್ ಅನ್ನೋ ಜಾವಾ ಫ್ರೇಮ್‌ವರ್ಕ್‌ನ 2ನೇ ಆವೃತ್ತಿಯಿಂದ 3ಕ್ಕೆ ಏರಿಸುವಾಗ ಟೀಮಿನ ಹೊಸ ಹುಡುಗ ಹೀಗಂದ. ಅವನ ಲೆಕ್ಕ ಸರಿಯಾಗೇ ಇತ್ತು. ಜಾವಾ ಕಂಪೈಲರ್ (ನಾವು ಬರೆದ ಕೋಡನ್ನು ಓಡುವ ರೂಪಕ್ಕೆ ತರುವ ಪ್ರೋಗ್ರಾಂ) ತಾನಾಗಿ ತೋರಿಸುವುದು ಮೊದಲ 100 ಎರರ್ ಮಾತ್ರ. ವಾರ್ನಿಂಗ್‌ಗೂ ಅದೇ 100.

ನನಗೆ ಬೇಕಿದ್ದದ್ದು ಒಟ್ಟು ಎಷ್ಟು ಅನ್ನೋ ಸಂಖ್ಯೆ. ಮ್ಯಾನೇಜರ್ ದಿನಾ ಬಂದು "ಎಷ್ಟು ಬಾಕಿ?" ಅಂತ ಕೇಳಿದರೆ ಏನು ಹೇಳೋದು? ಹಾಗಾಗಿ ಮೊದಲು ಮಿತಿಯನ್ನೇ ಏರಿಸಿದೆ. ಆಪ್ಷನ್ ಹೆಸರು ಎಕ್ಸ್‌ಮ್ಯಾಕ್ಸ್‌ಎರ್ಸ್ (-Xmaxerrs). ಮುಂದೆ ಒಂದು ಮೈನಸ್, ಎಕ್ಸ್ ಮಾತ್ರ ದೊಡ್ಡಕ್ಷರ, ನಡುವೆ ಜಾಗ ಬೇಡ. ನಮ್ಮ ಬಿಲ್ಡ್ ಟೂಲ್ ಮೇವನ್‌ನ ಪಾಮ್ (pom.xml) ಫೈಲ್‌ನಲ್ಲಿ, ಕಂಪೈಲರ್ ಪ್ಲಗಿನ್‌ನ ಕಂಪೈಲರ್‌ಆರ್ಗ್ಸ್ (compilerArgs) ಒಳಗೆ ಎರಡು ಆರ್ಗ್ ಟ್ಯಾಗ್ ಹಾಕಿ, ಒಂದರಲ್ಲಿ ಈ ಹೆಸರು, ಇನ್ನೊಂದರಲ್ಲಿ 5000 ಬರೆದೆ. ಎರಡನ್ನೂ ಒಂದೇ ಟ್ಯಾಗ್‌ಗೆ ತುರುಕಿದರೆ ಕಂಪೈಲರ್ 'ಇನ್‌ವ್ಯಾಲಿಡ್ ಫ್ಲ್ಯಾಗ್' ಅಂತ ನಿಂತುಬಿಡುತ್ತದೆ.

ಕೋಡ್ ಬರೆಯಲು ಇಂಟೆಲಿಜೆ ಬಳಸುವವರಿಗೆ ಸೆಟ್ಟಿಂಗ್ಸ್‌ನ ಜಾವಾ ಕಂಪೈಲರ್ ಪುಟದಲ್ಲಿ ಹೆಚ್ಚುವರಿ ಪ್ಯಾರಾಮೀಟರ್ ಬರೆಯುವ ಜಾಗ ಇದೆ. ಆದರೆ ಮೇವನ್ ಬದಲು ಗ್ರೇಡಲ್ ಬಳಸುವ ಪ್ರಾಜೆಕ್ಟ್ ಆಗಿದ್ದರೆ ಬಿಲ್ಡನ್ನು ಗ್ರೇಡಲೇ ಮಾಡುತ್ತದೆ, ಆಗ ಬಿಲ್ಡ್ ಫೈಲ್‌ನಲ್ಲೇ ಹಾಕಬೇಕು. ಇಂಟೆಲಿಜೆ ತರದ್ದೇ ಇನ್ನೊಂದು ಟೂಲ್ ಎಕ್ಲಿಪ್ಸ್, ಅದರ ಕಥೆ ಬೇರೆ. ಅದಕ್ಕೆ ಸ್ವಂತ ಕಂಪೈಲರ್ ಇದೆ, ಈ ಆಪ್ಷನ್ ಅದಕ್ಕೆ ಲೆಕ್ಕಕ್ಕಿಲ್ಲ. ಅಲ್ಲಿ ಪ್ರಾಬ್ಲಮ್ಸ್ ವ್ಯೂನ ಮಿತಿ ಬದಲಿಸಬೇಕು.

ಮತ್ತೆ ಬಿಲ್ಡ್ ಓಡಿಸಿದಾಗ ಪಟ್ಟಿ ಸಾವಿರ ದಾಟಿತು. ಹುಡುಗನ ಮುಖ ನೋಡಬೇಕಿತ್ತು! ಆದರೆ ಸಾವಿರ ಎರರ್ ಅಂದರೆ ಸಾವಿರ ತಪ್ಪು ಅಲ್ಲ. ಔಟ್‌ಪುಟ್ಟನ್ನು ಒಂದು ಫೈಲ್‌ಗೆ ಹಾಕಿ, ಗ್ರೆಪ್ ಮಾಡಿ (ಎರರ್ ಸಾಲುಗಳನ್ನಷ್ಟೇ ಹೆಕ್ಕಿ), ಸಾರ್ಟ್ ಮಾಡಿ, ಯಾವ ಸಾಲು ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. ಮೇವನ್ ಕೊನೆಯಲ್ಲಿ ಅದೇ ಎರರ್‌ಗಳನ್ನು ಇನ್ನೊಮ್ಮೆ ಅಚ್ಚು ಹಾಕುತ್ತದೆ, ಆ ಭಾಗ ಕತ್ತರಿಸಿಯೇ ಎಣಿಸಬೇಕು.

ಮುಕ್ಕಾಲು ಪಾಲು ಒಂದೇ ಜಾತಿಯವು. ಜಾವಾಎಕ್ಸ್ (javax) ಅಂತ ಶುರುವಾಗುತ್ತಿದ್ದ ಪರ್ಸಿಸ್ಟೆನ್ಸ್, ವ್ಯಾಲಿಡೇಶನ್, ಸರ್ವ್‌ಲೆಟ್ ಪ್ಯಾಕೇಜ್‌ಗಳೆಲ್ಲ ಈಗ ಜಕಾರ್ತಾ (jakarta) ಹೆಸರಿಗೆ ಹೋಗಿವೆ. ಅವನ್ನು ಫೈಂಡ್-ರಿಪ್ಲೇಸ್‌ನಲ್ಲೇ ಮುಗಿಸಬಹುದು. ಹಾಗಂತ ಕಣ್ಣುಮುಚ್ಚಿ ಎಲ್ಲ ಜಾವಾಎಕ್ಸ್ ಬದಲಿಸಬೇಡಿ. ಜಾವಾಎಕ್ಸ್ ಎಸ್‌ಕ್ಯೂಎಲ್, ಕ್ರಿಪ್ಟೋ ಜಾವಾದ ಜೊತೆಗೇ ಬರುವ ಜೆಡಿಕೆಯಲ್ಲೇ (JDK) ಇವೆ, ಅವುಗಳ ಹೆಸರು ಬದಲಾಗಿಲ್ಲ.

ನಿಜವಾದ ಕೆಲಸ ಇದ್ದದ್ದು ಪಟ್ಟಿಯ ಕೆಳಗೆ. ಸೆಕ್ಯುರಿಟಿ ಕಾನ್ಫಿಗ್ ಕ್ಲಾಸ್‌ಗಳು ವೆಬ್‌ಸೆಕ್ಯುರಿಟಿ ಕಾನ್ಫಿಗರರ್ ಅಡಾಪ್ಟರ್ ಅನ್ನೋ ಸ್ಪ್ರಿಂಗ್‌ನ ಹಳೇ ಕ್ಲಾಸ್ ಮೇಲೆ ನಿಂತಿದ್ದವು. ಸ್ಪ್ರಿಂಗ್ ಬೂಟ್ 3ರ ಜೊತೆ ಬರುವ ಸ್ಪ್ರಿಂಗ್ ಸೆಕ್ಯುರಿಟಿ 6ರಲ್ಲಿ ಅದು ಇಲ್ಲವೇ ಇಲ್ಲ. ಯಾವ ವಿಳಾಸಕ್ಕೆ ಯಾವ ನಿಯಮ ಅಂತ ಹೇಳುತ್ತಿದ್ದ ಆ್ಯಂಟ್‌ಮ್ಯಾಚರ್ಸ್ ಜಾಗಕ್ಕೆ ರಿಕ್ವೆಸ್ಟ್‌ಮ್ಯಾಚರ್ಸ್ ಬಂದಿದೆ. ಇಲ್ಲಿ ರಿಪ್ಲೇಸ್ ನಡೆಯಲ್ಲ, ಯಾರು ಯಾವ ಪೇಜ್ ನೋಡಬಹುದು ಅಂತ ಕೂತು ಯೋಚಿಸಿ ಬರೆಯಬೇಕು. ಮೊದಲ ನೂರರಲ್ಲಿ ಇವು ಒಂದೂ ಕಂಡಿರಲಿಲ್ಲ. ಮ್ಯಾನೇಜರ್‌ಗೆ ನಾನು ಸಾವಿರದ ಸಂಖ್ಯೆ ಹೇಳಲೇ ಇಲ್ಲ. "ರಿಪ್ಲೇಸ್ ಇವತ್ತೇ ಆಗುತ್ತೆ ಸಾರ್, ಟೈಮ್ ಬೇಕಾಗೋದು ಸೆಕ್ಯುರಿಟಿಗೆ" ಅಂದೆ.

ಇನ್ನೊಂದು ಗಮನಿಸಿ. ಎಲ್ಲೋ ಒಂದು ಸೆಮಿಕೋಲನ್ ಬಿಟ್ಟಿದ್ದರೆ ಮಿತಿ ಎಷ್ಟೇ ಏರಿಸಿದರೂ ಸಿಂಟ್ಯಾಕ್ಸ್ ಎರರ್ ಮಾತ್ರ ಕಾಣುತ್ತದೆ. ಅದನ್ನು ಸರಿಮಾಡಿದ ಮೇಲೇ ಉಳಿದವು ಹೊರಗೆ ಬರುತ್ತವೆ. ಒಂದಕ್ಕೆ ಇಳಿದದ್ದು ಮತ್ತೆ ಸಾವಿರ ಆಯಿತು ಅಂತ ಗಾಬರಿ ಆಗಬೇಡಿ.

ಆ 5000 ಈಗಲೂ ಪಾಮ್ ಫೈಲ್‌ನಲ್ಲಿದೆ. ಎರರ್ ಇಲ್ಲದಾಗ ಅದು ಸುಮ್ನೆ ಇರುತ್ತದೆ, ತೆಗೆಯುವ ಗೋಜಿಗೆ ಹೋಗಿಲ್ಲ.