ನಲವತ್ತೈದು ದಾಟಿದ ಮೇಲೆ ಎಂಬಿಎ ಮಾಡುವುದು ಹೇಗೆ

ನಾನು ಎಂಬಿಎಗೆ ಸೇರಿದಾಗ ನನಗೆ 46 ವರ್ಷ. ಅದಕ್ಕೂ ಮೊದಲು 22 ವರ್ಷ ಉತ್ಪಾದನಾ ವಿಭಾಗದಲ್ಲೇ ಇದ್ದೆ. ಮಶೀನ್ ಬಗ್ಗೆ ಯಾರು ಏನು ಕೇಳಿದರೂ ಹೇಳುತ್ತಿದ್ದೆ. ಆದರೆ ಹೊಸ ಮಶೀನ್ ಬೇಕು ಅಂತ ಮೀಟಿಂಗಿನಲ್ಲಿ ಬಾಯಿ ಬಿಟ್ಟರೆ ಸಾಕು, ಹಣಕಾಸು ವಿಭಾಗದವರು ಒಂದು ಹಾಳೆ ಮುಂದಿಟ್ಟು "ಇದಕ್ಕೆ ಹಾಕಿದ ದುಡ್ಡು ವಾಪಸ್ ಬರಲ್ಲ" ಅನ್ನುತ್ತಿದ್ದರು, ನಾನು ಕೂತುಬಿಡುತ್ತಿದ್ದೆ. ಆ ಹಾಳೆಯಲ್ಲಿ ಏನಿದೆ ಅಂತಲೇ ನನಗೆ ಅರ್ಥವಾಗುತ್ತಿರಲಿಲ್ಲ. ಓದಲು ಹೊರಟಿದ್ದು ಅದಕ್ಕೇ.

ಇದನ್ನು ಮೊದಲೇ ಹೇಳಲು ಕಾರಣ ಇದೆ. 25ರ ಹುಡುಗ ಡಿಗ್ರಿ ಮಾಡಿದರೆ ಅದರ ಫಲ ಉಣ್ಣಲು ಅವನ ಮುಂದೆ ಮೂವತ್ತು ಮೂವತ್ತೈದು ವರ್ಷ ಇರುತ್ತದೆ. ನಮಗೆ ಅಷ್ಟಿಲ್ಲ. ಈ ವಯಸ್ಸಿನಲ್ಲಿ ಮಾಡುವ ಡಿಗ್ರಿ ಓದುತ್ತಿರುವಾಗಲೇ ಉಪಯೋಗಕ್ಕೆ ಬರಬೇಕು, ಸರ್ಟಿಫಿಕೇಟ್ ಕೈಗೆ ಬರಲಿ ಅಂತ ಕಾಯುವಷ್ಟು ಹೊತ್ತು ನಮ್ಮ ಹತ್ತಿರ ಇಲ್ಲ. ಯಾವ ಕೋರ್ಸು, ಯಾವ ಕಾಲೇಜು, ಎಷ್ಟು ಸಾಲ, ಎಲ್ಲವನ್ನೂ ಇದೇ ಅಳತೆಯಿಂದ ನೋಡಿ.

ಮೊದಲು ಒಂದು ಹಾಳೆ ತಗೊಳ್ಳಿ

ಹೋದ ಒಂದು ವರ್ಷದಲ್ಲಿ ಕೆಲಸದಲ್ಲಿ ನೀವು ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಮೂರು ಸಂದರ್ಭ ಬರೆಯಿರಿ. "ನಾಯಕತ್ವ ಬೆಳೆಸಿಕೊಳ್ಳಬೇಕು" ಅನ್ನುವಂಥ ಮಾತು ಬೇಡ. ಯಾವ ಮೀಟಿಂಗು, ಯಾವ ಪ್ರಶ್ನೆ, ಯಾವ ಉತ್ತರ ಗೊತ್ತಿರಲಿಲ್ಲ, ಅಷ್ಟು ನಿಖರವಾಗಿ ಇರಲಿ. ಮೂರೂ ಒಂದೇ ವಿಷಯಕ್ಕೆ ಸೇರಿದ್ದರೆ, ಉದಾಹರಣೆಗೆ ಮೂರೂ ಬರೀ ಲೆಕ್ಕಪತ್ರದ್ದೇ ಆಗಿದ್ದರೆ, ನಿಮಗೆ ಡಿಗ್ರಿ ಬೇಕಿಲ್ಲ. ಕೆಲವು ವಾರಗಳ ಒಂದು ಒಳ್ಳೆಯ ಕೋರ್ಸು ಸಾಕು, ಎರಡು ವರ್ಷವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಒಂದು ದುಡ್ಡಿನದು, ಒಂದು ಮಾರಾಟದ್ದು, ಇನ್ನೊಂದು ಜನರನ್ನು ಸಂಭಾಳಿಸುವುದು, ಹೀಗೆ ಬೇರೆ ಬೇರೆ ದಿಕ್ಕಿನವಾದರೆ ಡಿಗ್ರಿ ಬಗ್ಗೆ ಯೋಚಿಸಿ.

ಆಮೇಲೆ ನಿಮಗೆ ಬೇಕಾದ ಹುದ್ದೆಯಲ್ಲಿ ಈಗಾಗಲೇ ಇರುವ ನಾಲ್ಕೈದು ಜನರನ್ನು ಮಾತಾಡಿಸಿ. ಕೇಳಬೇಕಾದ್ದು ಒಂದೇ: "ಈ ಜಾಗಕ್ಕೆ ನೀವೇ ಜನ ತಗೊಳ್ಳುವುದಾದರೆ ಎಂಬಿಎ ಇದೆಯಾ ಅಂತ ನೋಡ್ತೀರಾ?" ಅವರು ನೋಡಲ್ಲ ಅಂದರೆ, ಡಿಗ್ರಿಯಿಂದ ಬಡ್ತಿ ಸಿಗುತ್ತೆ ಅನ್ನೋ ಆಸೆ ಬಿಟ್ಟು ಬರೀ ಕಲಿಕೆಗಾಗಿ ಮಾಡಬೇಕಾ ಅಂತ ತೀರ್ಮಾನಿಸಿ. ಅದೂ ತಪ್ಪಲ್ಲ, ಆದರೆ ಗೊತ್ತಿದ್ದು ಮಾಡಬೇಕು ಅಲ್ವಾ.

ದುಡ್ಡಿನ ಲೆಕ್ಕ, ಮುಚ್ಚುಮರೆ ಇಲ್ಲದೆ

ಫೀಸು ನಿಮ್ಮ ಒಂದು ವರ್ಷದ ಸಂಬಳದಷ್ಟಿದೆ, ಡಿಗ್ರಿಯಿಂದ ಸಂಬಳ 15 ಪರ್ಸೆಂಟ್ ಏರುತ್ತದೆ ಅಂತಿಟ್ಟುಕೊಳ್ಳಿ. ಆ ಹೆಚ್ಚುವರಿ ಸಂಬಳದಿಂದ ಫೀಸು ವಾಪಸ್ ಬರಲು 6 ವರ್ಷ 8 ತಿಂಗಳು ಬೇಕು. 48ಕ್ಕೆ ಸೇರಿ, ಕೆಲಸ ಮಾಡುತ್ತಲೇ ಎರಡು ವರ್ಷ ಓದಿ 50ಕ್ಕೆ ಮುಗಿಸಿದರೆ, 57ರ ಹತ್ತಿರ ಹಾಕಿದ್ದು ಬಂದಿರುತ್ತದೆ. ಅದೇ ಕೆಲಸ ಬಿಟ್ಟು ಒಂದು ವರ್ಷದ ಕೋರ್ಸು ಮಾಡಿದರೆ ಫೀಸಿನ ಜೊತೆ ಒಂದು ವರ್ಷದ ಸಂಬಳವೂ ಹೋಯಿತು, ಅಂದರೆ ಹಾಕಿದ್ದು ಎರಡು ವರ್ಷದ ಸಂಬಳ. ಅದು ವಾಪಸ್ ಬರಲು 13 ವರ್ಷಕ್ಕೂ ಜಾಸ್ತಿ. 49ಕ್ಕೆ ಮುಗಿಸಿದರೂ 62 ಆಗಿರುತ್ತದೆ. ಸಾಲದ ಬಡ್ಡಿಯನ್ನು ನಾನಿನ್ನೂ ಸೇರಿಸಿಲ್ಲ.

ನಿಮ್ಮ ಅಂಕಿ ಹಾಕಿ ಈ ಲೆಕ್ಕವನ್ನು ನೀವೇ ಮಾಡಿ. ನಿವೃತ್ತಿಗೆ ಅಂತ ಕೂಡಿಟ್ಟ ದುಡ್ಡನ್ನು ಇದಕ್ಕೆ ಮುಟ್ಟಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಮತ್ತೆ ಕೂಡಿಸಲು ನಮಗೆ ಸಮಯ ಕಮ್ಮಿ.

ಕಂಪನಿ ಫೀಸು ಕೊಡುತ್ತೆ ಅಂದರೆ ಒಪ್ಪಂದವನ್ನು ಸಾಲು ಸಾಲಾಗಿ ಓದಿ. ಕೋರ್ಸು ಮುಗಿದ ಮೇಲೆ ಇಷ್ಟು ವರ್ಷ ಇಲ್ಲೇ ಇರಬೇಕು, ಬಿಟ್ಟರೆ ಹಣ ಹಿಂತಿರುಗಿಸಬೇಕು ಅನ್ನುವ ಷರತ್ತು ಸಾಮಾನ್ಯ. ಕಂಪನಿಯೇ ನಿಮ್ಮನ್ನು ತೆಗೆದರೆ ಏನು ಅನ್ನುವುದು ಅದರಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಬರೆಸಿ. ದುಡ್ಡು ಕೊಡಲ್ಲ ಅಂದರೆ ಸಮಯ ಕೇಳಿ. ತಿಂಗಳಿಗೆ ಎರಡು ಶುಕ್ರವಾರ ಬಿಡುವು ಸಿಕ್ಕರೂ ಅದು ಸಣ್ಣ ಸಹಾಯ ಅಲ್ಲ.

ಯಾವ ಕೋರ್ಸು

ಪೂರ್ಣಾವಧಿ ಎಂಬಿಎ ಹೆಚ್ಚಾಗಿ ಮೂವತ್ತಕ್ಕೆ ಹತ್ತಿರವಾಗುತ್ತಿರುವ ವಯಸ್ಸಿನವರಿಗೆ ಅಂತ ಮಾಡಿದ್ದು. ಅಲ್ಲಿನ ಕ್ಯಾಂಪಸ್ ನೇಮಕಾತಿಯೂ ಅವರಿಗೇ. ನಮ್ಮಂಥವರಿಗೆ ಅಂತಲೇ ಇರುವುದು ಎಕ್ಸಿಕ್ಯುಟಿವ್ ಎಂಬಿಎ. ಇದನ್ನು ಮೊದಲು ಶುರು ಮಾಡಿದ್ದು ಶಿಕಾಗೊ ವಿಶ್ವವಿದ್ಯಾಲಯ, 1943ರಲ್ಲಿ. ಕೆಲಸ ಬಿಡಬೇಕಿಲ್ಲ. ವಾರಾಂತ್ಯದಲ್ಲೋ ತಿಂಗಳಿಗೊಮ್ಮೆ ಮೂರ್ನಾಲ್ಕು ದಿನವೋ ಕ್ಲಾಸು, ಸಾಮಾನ್ಯವಾಗಿ 18ರಿಂದ 24 ತಿಂಗಳು. ಫೀಸು ಮಾತ್ರ ದುಬಾರಿ. ಪಾರ್ಟ್ ಟೈಮ್ ಮತ್ತು ಆನ್‌ಲೈನ್ ಎಂಬಿಎ ಅಗ್ಗ, ಆದರೆ ಸಹಪಾಠಿಗಳಲ್ಲಿ ಕಿರಿಯರೇ ಜಾಸ್ತಿ ಇರುತ್ತಾರೆ. ಅದು ಕೊರತೆ ಅಂತ ನನಗೆ ಅನ್ನಿಸಿಲ್ಲ. ಒಂದು ವರ್ಷ ಕೆಲಸದಿಂದ ಪೂರ್ತಿ ಬಿಡುವು ಸಿಗುವವರಿಗೆ, ಹಿರಿಯ ಅನುಭವಿಗಳಿಗಾಗಿಯೇ ಎಂಐಟಿ, ಸ್ಟ್ಯಾನ್‌ಫರ್ಡ್, ಲಂಡನ್ ಬಿಸಿನೆಸ್ ಸ್ಕೂಲ್ ಥರದ ಕಡೆ ಒಂದು ವರ್ಷದ ಪೂರ್ಣಾವಧಿ ಕೋರ್ಸುಗಳಿವೆ. ಮೇಲಿನ ಲೆಕ್ಕ ನೆನಪಿಟ್ಟುಕೊಂಡು ಅವುಗಳನ್ನು ನೋಡಿ.

ಕಾಲೇಜಿನ ಗುಣಮಟ್ಟ ತಿಳಿಯಲು ಮೂರು ಹೆಸರು ನೆನಪಿರಲಿ: ಎಎಸಿಎಸ್‌ಬಿ, ಎಕ್ವಿಸ್, ಆಂಬಾ. ಇವು ಬಿಸಿನೆಸ್ ಶಾಲೆಗಳಿಗೆ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಮತ್ತು ವ್ಯವಸ್ಥೆಗಳು. ಎಎಸಿಎಸ್‌ಬಿ 1916ರಿಂದ ಇದೆ. ಇವು ಇಲ್ಲದ ಒಳ್ಳೆಯ ಕಾಲೇಜುಗಳೂ ಇವೆ, ಆದರೆ ನಿಮ್ಮ ದೇಶದ ಸರ್ಕಾರದ ಮಾನ್ಯತೆಯಾದರೂ ಇರಲೇಬೇಕು. ಕಾಲೇಜಿನ ಮಾತು ನಂಬಿ ಕೂರಬೇಡಿ, ಮಾನ್ಯತೆ ಕೊಡುವವರ ಪಟ್ಟಿಯಲ್ಲೇ ಹೋಗಿ ಹುಡುಕಿ. "ನಿಮ್ಮ ಅನುಭವ ನೋಡಿ ಕೆಲವೇ ವಾರದಲ್ಲಿ ಡಿಗ್ರಿ ಕೊಡ್ತೀವಿ" ಅನ್ನುವವರಿಂದ ದೂರ ಇರಿ. ನಮ್ಮ ವಯಸ್ಸಿನವರನ್ನೇ ಅವರು ಜಾಸ್ತಿ ಹುಡುಕುವುದು. ಹಾಗೆಯೇ, ದೊಡ್ಡ ಕಾಲೇಜಿನ ಹೆಸರಿದ್ದರೂ ಕೊಡುವುದು ಡಿಗ್ರಿಯೋ ಬರೀ ಸರ್ಟಿಫಿಕೇಟೋ ಅಂತ ಬರವಣಿಗೆಯಲ್ಲಿ ಕೇಳಿ. ಎರಡೂ ಬೇರೆ.

ಮೊದಲ ಡಿಗ್ರಿಯೇ ಇಲ್ಲದಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಅನುಭವವನ್ನು ಪರಿಗಣಿಸುವ ಕಾಲೇಜುಗಳಿವೆ, ಅಡ್ಮಿಷನ್ ಕಚೇರಿಗೆ ನೇರವಾಗಿ ಬರೆದು ಕೇಳಿ.

ಪರೀಕ್ಷೆ, ಅರ್ಜಿ

ಎಕ್ಸಿಕ್ಯುಟಿವ್ ಕೋರ್ಸುಗಳಲ್ಲಿ ಹಲವು ಕಡೆ ಅನುಭವ ಇದ್ದರೆ ಪ್ರವೇಶ ಪರೀಕ್ಷೆ ಬೇಡ ಅನ್ನುತ್ತಾರೆ. ಕೇಳಿದರೆ ಮಾತ್ರ ಹೇಳುತ್ತಾರೆ, ಆದ್ದರಿಂದ ಕೇಳಿ. ಪರೀಕ್ಷೆ ಬೇಕೇ ಬೇಕು ಅಂದರೆ ಎಕ್ಸಿಕ್ಯುಟಿವ್ ಅಸೆಸ್‌ಮೆಂಟ್ ಅನ್ನುವ ಪರೀಕ್ಷೆ ಬರೆದರೆ ಆಗುತ್ತಾ ಅಂತ ವಿಚಾರಿಸಿ. ಅದು 90 ನಿಮಿಷ, 40 ಪ್ರಶ್ನೆ, ಅನುಭವಿಗಳಿಗಾಗಿಯೇ ಮಾಡಿದ್ದು. ಎಂಬಿಎಗೆ ಸಾಮಾನ್ಯವಾಗಿ ಬರೆಯುವ ಪ್ರವೇಶ ಪರೀಕ್ಷೆ ಜಿಮ್ಯಾಟ್ ಈಗ 2 ಗಂಟೆ 15 ನಿಮಿಷದ್ದು, 64 ಪ್ರಶ್ನೆ. ಅದಕ್ಕೆ ತಯಾರಿ ಜಾಸ್ತಿ ಬೇಕು.

ಅರ್ಜಿಯ ಪ್ರಬಂಧದಲ್ಲಿ ಇಪ್ಪತ್ತು ವರ್ಷದ ಕಥೆ ಪೂರ್ತಿ ಹೇಳಬೇಡಿ. ನಾನು ಮೊದಲ ಸಲ ಹಾಗೇ ಬರೆದೆ, ಪುಟ ತುಂಬ ಹುದ್ದೆಗಳ ಹೆಸರು, ಓದಿದ ಸ್ನೇಹಿತರೊಬ್ಬರು "ಇದರಲ್ಲಿ ನೀವು ಎಲ್ಲಿದ್ದೀರಿ?" ಅಂತ ಕೇಳಿದರು. ಪೂರ್ತಿ ಹರಿದು ಹಾಕಿ ಹಾಳೆಯಲ್ಲಿ ಬರೆದಿಟ್ಟಿದ್ದ ಆ ಮಶೀನಿನ ಸಂದರ್ಭವೊಂದನ್ನೇ ಬರೆದೆ. ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದೆಲ್ಲ ಅದರ ಬಗ್ಗೆಯೇ. "ಇಷ್ಟು ತಡವಾಗಿ ಯಾಕೆ?" ಅಂತ ಖಂಡಿತ ಕೇಳುತ್ತಾರೆ. ಆ ಪ್ರಶ್ನೆಗೆ ತಪ್ಪೊಪ್ಪಿಗೆಯ ಧಾಟಿಯಲ್ಲಿ ಉತ್ತರಿಸಬೇಡಿ. ಈಗ ಯಾವ ಕೆಲಸಕ್ಕೆ ಬೇಕಾಗಿದೆ ಅಂತ ಹೇಳಿ, ಅಷ್ಟೇ. ಶಿಫಾರಸು ಪತ್ರವನ್ನು ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದವರಿಂದ ಬರೆಸಿ, ದೊಡ್ಡ ಹುದ್ದೆಯವರೇ ಆಗಬೇಕೆಂದಿಲ್ಲ.

ಕ್ಲಾಸು ಶುರುವಾಗುವ ಮುಂಚೆ ಮೂರು ತಿಂಗಳು

ತಡವಾಗಿ ಓದುವವರು ಎಡವುವುದು ಹೆಚ್ಚಾಗಿ ಲೆಕ್ಕದಲ್ಲಿ. ಬಿಟ್ಟು ಬಹಳ ವರ್ಷ ಆಗಿರುತ್ತದೆ. ಪರ್ಸೆಂಟೇಜು, ಸರಾಸರಿ, ಗ್ರಾಫ್ ಓದುವುದು, ಎಕ್ಸೆಲ್, ಇಷ್ಟನ್ನು ಕೈಗೆ ರೂಢಿ ಮಾಡಿಕೊಳ್ಳಿ. ಆಮೇಲೆ ಲೆಕ್ಕಪತ್ರದ ಮೂರು ಹಾಳೆ: ಬ್ಯಾಲೆನ್ಸ್ ಶೀಟ್ (ಆಸ್ತಿ ಎಷ್ಟು, ಸಾಲ ಎಷ್ಟು), ಲಾಭ ನಷ್ಟದ ಪಟ್ಟಿ, ಕ್ಯಾಶ್ ಫ್ಲೋ (ದುಡ್ಡು ಬಂದು ಹೋದ ಲೆಕ್ಕ). ನಿಮ್ಮದೇ ಕಂಪನಿಯದು ಸಿಕ್ಕರೆ ಅದನ್ನೇ ಓದಿ, ಇಲ್ಲದಿದ್ದರೆ ಷೇರುಪೇಟೆಯಲ್ಲಿರುವ ನಿಮ್ಮ ರಂಗದ ಯಾವುದಾದರೂ ಕಂಪನಿಯ ವಾರ್ಷಿಕ ವರದಿ ತಗೊಳ್ಳಿ.

ಲಾಭ ಬೇರೆ, ಕೈಯಲ್ಲಿರುವ ದುಡ್ಡು ಬೇರೆ ಅನ್ನುವುದು ಮೊದಲು ತಲೆಗೆ ಹೋಗಬೇಕು. ನೀವು ಸರಕು ಮಾರಿದಿರಿ, ಕೊಂಡವರು 90 ದಿನ ಬಿಟ್ಟು ದುಡ್ಡು ಕೊಡುತ್ತಾರೆ. ಕಚ್ಚಾ ಮಾಲು ಕೊಟ್ಟವರಿಗೆ ನೀವು 30 ದಿನದಲ್ಲಿ ಕೊಡಬೇಕು. ಪುಸ್ತಕದಲ್ಲಿ ಲಾಭ ಇದೆ, ಆದರೆ ನಡುವಿನ 60 ದಿನ ಸಂಬಳ ಎಲ್ಲಿಂದ ಕೊಡುತ್ತೀರಿ? ವ್ಯಾಪಾರ ಬೆಳೆದಷ್ಟೂ ಈ ಕಂದಕ ದೊಡ್ಡದಾಗುತ್ತದೆ, ಲಾಭದಲ್ಲಿರುವ ಕಂಪನಿ ಮುಚ್ಚುವುದು ಹೀಗೇ. ಇದು ಅರ್ಥವಾದರೆ ಮೊದಲ ಸೆಮಿಸ್ಟರಿನ ಅರ್ಧ ಭಾರ ಇಳಿದ ಹಾಗೆ.

ಕಲಿತದ್ದು ಆ ವಾರವೇ

ಕೆಲಸ ಮಾಡುತ್ತಾ ಓದುವುದಾದರೆ ವಾರಕ್ಕೆ 15ರಿಂದ 20 ಗಂಟೆ ತೆಗೆದಿಡಬೇಕು. ಅದು ಎಲ್ಲಿಂದ ಬರುತ್ತದೆ ಅಂತ ಸೇರುವ ಮೊದಲೇ ಮನೆಯವರ ಜೊತೆ ಕೂತು ಬರೆಯಿರಿ. ಯಾವ ಕೆಲಸ ನೀವು ಬಿಡುತ್ತೀರಿ, ಅದನ್ನು ಯಾರು ಮಾಡುತ್ತಾರೆ. "ಹೇಗೋ ಆಗುತ್ತೆ ಬಿಡು" ಅಂದುಕೊಂಡರೆ ಆ ಹೊರೆ ಹೇಳದೆ ಕೇಳದೆ ಇನ್ನೊಬ್ಬರ ಹೆಗಲ ಮೇಲೆ ಬೀಳುತ್ತದೆ. ನಮ್ಮನೆಯಲ್ಲಿ ಮೊದಲ ಆರು ತಿಂಗಳು ಹಾಗೇ ಆಯಿತು, ಅದು ಸರಿಯಲ್ಲ ಅಂತ ನನಗೆ ಅರ್ಥವಾಗಲು ತಡವಾಯಿತು.

ಓದುವಾಗ ಅದೇ ಪುಟವನ್ನು ಮತ್ತೆ ಮತ್ತೆ ಓದಬೇಡಿ. ಪುಸ್ತಕ ಮುಚ್ಚಿ, ನೆನಪಿರುವುದನ್ನು ಬರೆಯಿರಿ. ಮಾರನೇ ದಿನ ಒಮ್ಮೆ, ವಾರ ಬಿಟ್ಟು ಒಮ್ಮೆ. ನೆನಪು ಎಷ್ಟು ಬೇಗ ಮಾಸುತ್ತದೆ ಅನ್ನುವುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ತೋರಿಸಿದ್ದರು, ಬಿಡುವು ಕೊಟ್ಟು ಓದಿದರೆ ಹೆಚ್ಚು ಉಳಿಯುತ್ತದೆ ಅನ್ನುವುದನ್ನೂ.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು, ಕಲಿತದ್ದನ್ನು ಆ ವಾರವೇ ಕೆಲಸದಲ್ಲಿ ಒಮ್ಮೆಯಾದರೂ ಬಳಸಿದ್ದು. ಮುಂದೆ ಬರುವ ಹಣದ ಇವತ್ತಿನ ಬೆಲೆ ಲೆಕ್ಕ ಹಾಕುವುದನ್ನು ಕಲಿಸಿದ ವಾರ ನಾನು ಹಣಕಾಸು ವಿಭಾಗಕ್ಕೆ ಹೋಗಿ ಆ ಹಳೆಯ ಹಾಳೆ ಕೇಳಿ ತಂದೆ. ಸುಲಭವಾಗಲಿ ಅಂತ ಸಣ್ಣ ಅಂಕಿಯಲ್ಲಿ ಹೇಳುತ್ತೇನೆ. ಮಶೀನಿಗೆ 100 ಹಾಕಬೇಕು, ವರ್ಷಕ್ಕೆ 30ರಂತೆ 4 ವರ್ಷ ಬರುತ್ತದೆ. ಕೂಡಿದರೆ 120, ಲಾಭ ಅಂತ ಕಾಣುತ್ತದೆ. ಆದರೆ ಮುಂದಿನ ವರ್ಷ ಬರುವ 30 ಇವತ್ತಿನ 30ಕ್ಕೆ ಸಮ ಅಲ್ಲ, ಇವತ್ತೇ ಕೈಯಲ್ಲಿದ್ದರೆ ಅದು ಬಡ್ಡಿ ದುಡಿಯುತ್ತಿತ್ತು. ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ ಅಂತ ಹಿಡಿದು, ಕಾಯುವ ಪ್ರತಿ ವರ್ಷಕ್ಕೂ ಒಮ್ಮೆ 1.1ರಿಂದ ಭಾಗಿಸಿದರೆ ಮೊದಲ ವರ್ಷದ್ದು 27.3, ಎರಡನೆಯದು 24.8, ಮೂರನೆಯದು 22.5, ನಾಲ್ಕನೆಯದು 20.5. ಒಟ್ಟು 95. ಹಾಕಿದ 100ಕ್ಕಿಂತ ಕಮ್ಮಿ. ಅವರ ಲೆಕ್ಕ ಸರಿ ಇತ್ತು. ಆದರೆ ಮಶೀನ್ 4 ವರ್ಷವೇ ಬಾಳುತ್ತೆ ಅಂತ ಯಾರು ಹೇಳಿದರು? ಸರಿಯಾಗಿ ನೋಡಿಕೊಂಡರೆ ಅಂಥದ್ದು ಏಳು ವರ್ಷ ಓಡುವುದನ್ನು ನಾನು ಕಣ್ಣಾರೆ ಕಂಡಿದ್ದೆ. 5 ವರ್ಷ ಅಂತ ಹಾಕಿದರೂ ಸಾಕು, 95 ಹೋಗಿ ಸುಮಾರು 114 ಆಗುತ್ತದೆ. ರಿಪೇರಿಯ ಹಳೆಯ ದಾಖಲೆಗಳನ್ನು ಜೊತೆಗಿಟ್ಟು ಮುಂದಿನ ಮೀಟಿಂಗಿನಲ್ಲಿ ಇದನ್ನೇ ತೋರಿಸಿದೆ. ಆವತ್ತು ಕೂತುಬಿಡಲಿಲ್ಲ. ಲೆಕ್ಕ ಕಾಲೇಜು ಕಲಿಸಿದ್ದು, ಏಳು ವರ್ಷ ಅನ್ನುವುದು 22 ವರ್ಷದ ಕೆಲಸ ಕಲಿಸಿದ್ದು. ತಡವಾಗಿ ಓದುವವರ ಹತ್ತಿರ ಈ ಎರಡನೆಯದು ಮೊದಲೇ ಇರುತ್ತದೆ, ಅದನ್ನು ಪ್ರತಿ ಪಾಠಕ್ಕೂ ಜೋಡಿಸಿ ನೋಡಿ.

ಗುಂಪಿನ ಕೆಲಸದಲ್ಲಿ ಕಿರಿಯರ ಜೊತೆ ಕೂತಾಗ ಮೊದಲು ಮಾತಾಡಬೇಡಿ. ಹಿರಿಯರು ಮೊದಲೇ ಹೇಳಿಬಿಟ್ಟರೆ ಉಳಿದವರು ಸುಮ್ನಾಗುತ್ತಾರೆ, ಅವರಿಂದ ಕಲಿಯುವುದು ತಪ್ಪಿಹೋಗುತ್ತದೆ. ನನಗೆ ಎಕ್ಸೆಲ್‌ನ ಅರ್ಧ ವಿದ್ಯೆ ಕಲಿಸಿದ್ದು 28ರ ಹುಡುಗಿ. ಅವಳಿಗೆ ನಾನು ಗಿರಾಕಿಯ ಜೊತೆ ದರ ಮಾತಾಡುವುದು ಹೇಗೆ ಅಂತ ಹೇಳಿಕೊಟ್ಟೆ.

ಕೊನೆಯ ಪ್ರಾಜೆಕ್ಟಿಗೆ ನಿಮ್ಮ ಕೆಲಸದಲ್ಲೇ ಇನ್ನೂ ಬಗೆಹರಿಯದ ಒಂದು ಸಮಸ್ಯೆ ಆರಿಸಿಕೊಳ್ಳಿ, ಆ ಮೊದಲ ಹಾಳೆಯ ಮೂರರಲ್ಲಿ ಒಂದಿದ್ದರೆ ಇನ್ನೂ ಒಳ್ಳೆಯದು. ಆದರೆ ಕಂಪನಿಯ ಅಂಕಿಅಂಶ ಬಳಸಲು ಲಿಖಿತ ಅನುಮತಿ ಬೇಕು, ಅದು ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಎರಡನೇ ವರ್ಷ ಶುರುವಾಗುವ ಹೊತ್ತಿಗೇ ಅರ್ಜಿ ಕೊಟ್ಟುಬಿಡಿ.